ಅಮ್ಮ ಕೂರುವ ಜಾಗದಿಂದ ನೋಡಿ ಟಿವಿ ಆಯ್ದುಕೊಳ್ಳಿ

ಓದುಗರ ಪ್ರಶ್ನೆ

ಮಾನ್ಯರೇ, ನಾವು ಡೊಂಬಿವಲಿ ಪೂರ್ವದ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ವಾಸವಾಗಿದ್ದೇವೆ. ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮತ್ತು ಕುಂದಾಪುರದ ಕಡೆಯವರಾದ 76 ವರ್ಷದ ನನ್ನ ತಾಯಿ, ಹೀಗೆ ನಾಲ್ವರು. 2014ರಲ್ಲಿ ಕೊಂಡಿದ್ದ 32 ಇಂಚಿನ ಟಿವಿಯಲ್ಲಿ ಕಳೆದ ತಿಂಗಳಿನಿಂದ ಶಬ್ದ ಮಾತ್ರ ಬರುತ್ತದೆ, ಚಿತ್ರ ಬರುವುದಿಲ್ಲ. ಹೊಸದನ್ನು ಕೊಳ್ಳಲು 25,000 ರೂಪಾಯಿಯೊಳಗೆ 43 ಇಂಚಿನ ಎರಡು ಟಿವಿಗಳನ್ನು ಕಲ್ಯಾಣದ ಅಂಗಡಿಯೊಂದರಲ್ಲಿ ನೋಡಿ ಬಂದಿದ್ದೇವೆ. ಮೊದಲನೆಯದು ಈಚಿನ ಕಂಪನಿಯದು. 4ಕೆ, ಎಚ್‌ಡಿಆರ್, 2 ಜಿಬಿ ರ‍್ಯಾಮ್, ಒಂದು ವರ್ಷದ ವಾರಂಟಿ, ಬೆಲೆ 22,990 ರೂಪಾಯಿ. ಎರಡನೆಯದು ಬಹಳ ವರ್ಷಗಳಿಂದ ಇರುವ ಕಂಪನಿಯದು. ಫುಲ್ ಎಚ್‌ಡಿ, 1 ಜಿಬಿ ರ‍್ಯಾಮ್, ಒಂದು ವರ್ಷದ ವಾರಂಟಿಯ ಜೊತೆಗೆ ಪ್ಯಾನೆಲ್‌ಗೆ ಮಾತ್ರ ಇನ್ನೂ ಒಂದು ವರ್ಷ, ಬೆಲೆ 23,990 ರೂಪಾಯಿ. ಎದುರು ನಿಂತಾಗ ಮೊದಲನೆಯದರ ಚಿತ್ರ ಮನಸ್ಸಿಗೆ ಹಿಡಿಸಿತು, ಆದರೆ ಪಕ್ಕಕ್ಕೆ ಸರಿದಾಗ ಮುಖಗಳ ಬಣ್ಣ ಮಾಸಿದಂತೆ ಕಂಡಿತು. ಎರಡನೆಯದರಲ್ಲಿ ಹಾಗಾಗಲಿಲ್ಲ, ಆದರೆ ಅದರ ಕಪ್ಪು ಸ್ವಲ್ಪ ಬೂದಿಯ ಬಣ್ಣಕ್ಕೆ ತಿರುಗಿದಂತಿತ್ತು. ನಮ್ಮ ಹಾಲ್ 10 ಅಡಿ ಅಗಲ, 12 ಅಡಿ ಉದ್ದ. ಟಿವಿಯ ಎದುರಿಗೆ ಸೋಫಾ ಇದೆ. ತಾಯಿ ಕೂರುವುದು ಮಾತ್ರ ಪಕ್ಕದ ಗೋಡೆಯ ಕಿಟಕಿಯ ಬಳಿ ಇರುವ ದಿವಾನದ ಮೇಲೆ. ಅವರು ನೋಡುವುದು ಕನ್ನಡ ಧಾರಾವಾಹಿ, ವಾರ್ತೆ ಮತ್ತು ಯೂಟ್ಯೂಬಿನಲ್ಲಿ ಯಕ್ಷಗಾನ. ಮಾತು ಸ್ಪಷ್ಟವಾಗಿ ಕೇಳುವುದಿಲ್ಲ ಎಂಬುದು ಅವರ ಬಹುದಿನದ ದೂರು. ಹೆಚ್ಚು ಹಣ ಕೊಟ್ಟು ಕಡಿಮೆ ಸ್ಪಷ್ಟತೆಯ ಟಿವಿಯನ್ನು ಯಾರಾದರೂ ತರುತ್ತಾರೆಯೇ ಎಂದು ನನ್ನ ಭಾವ ಕೇಳುತ್ತಾರೆ. ಯಾವುದನ್ನು ಕೊಳ್ಳಲಿ? ಸ್ಟೆಬಿಲೈಸರ್ ಬೇಕೇ? ಅಂಗಡಿಯವರು ಹೇಳುವ ಹೆಚ್ಚುವರಿ ವಾರಂಟಿಗೆ ಹಣ ಕೊಡಬೇಕೇ?

ಉತ್ತರ

ನಿಮ್ಮ ಹಾಲ್‌ಗೆ, ನಿಮ್ಮ ಮನೆಯಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಮತ್ತು ಎಲ್ಲಕ್ಕಿಂತ ಮೊದಲು ನಿಮ್ಮ ತಾಯಿಯವರು ಕೂರುವ ದಿವಾನಕ್ಕೆ ಎರಡನೆಯ ಟಿವಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ನೀವು ಬರೆದು ಕಳಿಸಿದ್ದ ಕಂಪನಿ ಮತ್ತು ಮಾದರಿಗಳ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ; ಈ ಬೆಲೆಯ ಮಾದರಿಗಳು ಕೆಲವೇ ತಿಂಗಳುಗಳಲ್ಲಿ ಬದಲಾಗುತ್ತವೆ, ಆದರೆ ಇಂಥದೇ ಎರಡು ಟಿವಿಗಳ ನಡುವೆ ಇಂಥದೇ ಗೊಂದಲ ಮುಂದಿನ ವರ್ಷವೂ ಇನ್ನೊಂದು ಮನೆಯಲ್ಲಿ ಎದುರಾಗುತ್ತದೆ.

ಹೊಸದಕ್ಕೆ ಹಣ ಕಟ್ಟುವ ಮುನ್ನ ಹಳೆಯ ಟಿವಿಗೆ ಐದು ನಿಮಿಷ ಕೊಡಿ. ರಾತ್ರಿ ಹಾಲ್‌ನ ದೀಪಗಳನ್ನು ಆರಿಸಿ, ಟಿವಿ ಹಾಕಿ, ಶಬ್ದ ಬರುತ್ತಿರುವಾಗ ಮೊಬೈಲಿನ ಟಾರ್ಚನ್ನು ಪರದೆಯ ಹತ್ತಿರಕ್ಕೆ ಓರೆಯಾಗಿ ಹಿಡಿಯಿರಿ. ಬೆಳಕು ಬಿದ್ದ ಜಾಗದಲ್ಲಿ ಚಿತ್ರ ಮಸುಕಾಗಿಯಾದರೂ ಓಡಾಡುತ್ತಿರುವುದು ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಅದರ ಹಿಂದಿನ ಬ್ಯಾಕ್‌ಲೈಟ್ ಮಾತ್ರ ಹೋಗಿದೆ ಎಂದು ತಿಳಿಯಬೇಕು. ಇಂಥ ಟಿವಿಗಳಲ್ಲಿ ಎಲ್‌ಇಡಿ ಬಲ್ಬುಗಳು ಪಟ್ಟಿಯ ಮೇಲೆ ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಬಲ್ಬು ಕಡಿದುಹೋದರೂ ಇಡೀ ಸಾಲು, ಎಷ್ಟೋ ಸಲ ಇಡೀ ಪರದೆ ಕತ್ತಲಾಗುತ್ತದೆ. ಸುಮಾರು 20 ವರ್ಷ ರಿಪೇರಿಯ ಮೇಜಿನ ಮುಂದೆ ಕುಳಿತ ಅನುಭವದಿಂದ ಹೇಳುತ್ತೇನೆ: ಶಬ್ದವಿದ್ದು ಚಿತ್ರವಿಲ್ಲವೆಂದು ಬಂದ ಟಿವಿಗಳಲ್ಲಿ ಬಹುಪಾಲು ಈ ಜಾತಿಯವು, ಮತ್ತು ಪಟ್ಟಿ ಬದಲಿಸುವ ಖರ್ಚು ಪ್ಯಾನೆಲ್ ಬದಲಿಸುವ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ಡೊಂಬಿವಲಿಯಲ್ಲಿಯೇ ಇದನ್ನು ಮಾಡುವವರು ಸಿಗುತ್ತಾರೆ. ಸಿಗದಿದ್ದರೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆ ಇದ್ದೇ ಇದೆ. ಆದರೆ ಹಾಗೆ ಸರಿಯಾದ ಹಳೆಯ ಟಿವಿಯನ್ನು ತಾಯಿಯವರಿಗೆಂದು ಒಳಗಿನ ಕೋಣೆಯಲ್ಲಿ ಹಾಕಿ, ಹೊಸದನ್ನು ಹಾಲ್‌ನಲ್ಲಿ ಉಳಿದವರು ನೋಡುವ ಏರ್ಪಾಡನ್ನು ದಯವಿಟ್ಟು ಮಾಡಬೇಡಿ. ಊರು ಬಿಟ್ಟು ಬಂದ ಹಿರಿಯರು ಮನೆಯ ನಡುವೆ ಕುಳಿತು, ಎಲ್ಲರ ಓಡಾಟದ ಮಧ್ಯೆ ತಮ್ಮ ಭಾಷೆಯನ್ನು ಕೇಳುವುದು ಒಂದು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ನೋಡುವುದು ಇನ್ನೊಂದು. ಹಳೆಯದು ಮಗಳ ಓದಿನ ಮೇಜಿಗೆ ಹೋಗಲಿ.

ಈಗ ನಿಮ್ಮ ಭಾವನವರ ಪ್ರಶ್ನೆಗೆ ಬರುತ್ತೇನೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ, ಒಟ್ಟು ಸುಮಾರು 20.7 ಲಕ್ಷ. 4ಕೆ ಪರದೆಯಲ್ಲಿ 3840 ಮತ್ತು 2160, ಒಟ್ಟು ಸುಮಾರು 83 ಲಕ್ಷ, ಅಂದರೆ ನಾಲ್ಕು ಪಟ್ಟು. ಅಂಗಡಿಯಲ್ಲಿ ಈ ನಾಲ್ಕು ಪಟ್ಟಿನ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಮನೆಗೆ ಬರುವ ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಕನ್ನಡದ ಮನರಂಜನಾ ವಾಹಿನಿಗಳು ಕೇಬಲ್ಲಿನಲ್ಲಾಗಲಿ ಡಿಶ್‌ನಲ್ಲಾಗಲಿ ನಮ್ಮ ಮನೆಗಳಿಗೆ ತಲುಪುವುದು ಎರಡೇ ರೂಪಗಳಲ್ಲಿ, ಸಾಮಾನ್ಯ ಎಸ್‌ಡಿ ಮತ್ತು ಎಚ್‌ಡಿ. ಎಸ್‌ಡಿ ಚಿತ್ರದ ಗರಿಷ್ಠ ಅಳತೆ 720 ಮತ್ತು 576, ಅಂದರೆ 4,14,720 ಚುಕ್ಕೆಗಳು. ಇದನ್ನು ಫುಲ್ ಎಚ್‌ಡಿ ಪರದೆಯ ತುಂಬ ಹರಡಬೇಕಾದರೆ ಪ್ರತಿ ಐದು ಚುಕ್ಕೆಗಳಲ್ಲಿ ನಾಲ್ಕನ್ನು ಟಿವಿಯೇ ಊಹಿಸಿ ತುಂಬಬೇಕು. 4ಕೆ ಪರದೆಯಲ್ಲಾದರೆ ಪ್ರತಿ ಇಪ್ಪತ್ತರಲ್ಲಿ ಹತ್ತೊಂಬತ್ತನ್ನು ತುಂಬಬೇಕು. ಈ ತುಂಬುವ ಕೆಲಸವನ್ನು ಮಾಡುವುದು ಒಳಗಿನ ಚಿಪ್. ದುಬಾರಿ ಟಿವಿಗಳಲ್ಲಿ ಅದು ಬಹಳ ಚೆನ್ನಾಗಿ ನಡೆಯುತ್ತದೆ, ಆದರೆ ಈ ಬೆಲೆಯಲ್ಲಿ ಅಂಥ ಚಿಪ್ ಸಿಗುವ ಭರವಸೆಯನ್ನು ನಾನು ಕೊಡಲಾರೆ. ಎಷ್ಟೋ ಮನೆಗಳಲ್ಲಿ ಹೊಸ 4ಕೆ ಟಿವಿ ತಂದ ಮರುದಿನವೇ "ಹಳೆಯದರಲ್ಲೇ ಧಾರಾವಾಹಿ ಚೆನ್ನಾಗಿ ಕಾಣುತ್ತಿತ್ತು" ಎಂಬ ಮಾತು ಹಿರಿಯರಿಂದ ಬರುತ್ತದೆ. ಅದು ಹಳೆಯದರ ಮೇಲಿನ ಬರಿಯ ಮೋಹವಲ್ಲ. 32 ಇಂಚಿನಲ್ಲಿ ಅಡಗಿದ್ದ ಎಸ್‌ಡಿ ಚಿತ್ರದ ಒರಟುತನ 43 ಇಂಚಿಗೆ ಹಿಗ್ಗಿದಾಗ ನಿಜವಾಗಿಯೇ ಕಣ್ಣಿಗೆ ಬೀಳುತ್ತದೆ.

ಕೂರುವ ದೂರದ ಲೆಕ್ಕವೂ ಇದೇ ಕಡೆಗೆ ಬೊಟ್ಟು ಮಾಡುತ್ತದೆ. 43 ಇಂಚು ಎಂಬುದು ಮೂಲೆಯಿಂದ ಮೂಲೆಗಿನ ಅಳತೆ. ಪರದೆಯ ಅಗಲ ಸುಮಾರು 95 ಸೆಂಟಿಮೀಟರ್. ಅದನ್ನು 1920ರಿಂದ ಭಾಗಿಸಿದರೆ ಒಂದು ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಆಗುತ್ತದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನು ಬೇರೆ ಮಾಡಿ ನೋಡಬಲ್ಲದು ಎಂಬುದು ಕಣ್ಣಿನ ವೈದ್ಯರು ಬಳಸುವ ಸಾಮಾನ್ಯ ಅಳತೆ. ಆ ಪ್ರಕಾರ ಅರ್ಧ ಮಿಲಿಮೀಟರಿನ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುವುದು ಸುಮಾರು 1.7 ಮೀಟರಿನವರೆಗೆ, ನಮ್ಮ ಅಳತೆಯಲ್ಲಿ ಐದೂವರೆ ಅಡಿಯವರೆಗೆ. ನಿಮ್ಮ ಸೋಫಾದಲ್ಲಿ ಕುಳಿತವರ ಕಣ್ಣು ಪರದೆಯಿಂದ ಸುಮಾರು 9 ಅಡಿ ದೂರದಲ್ಲಿರುತ್ತದೆ, ದಿವಾನ ಸುಮಾರು ಆರೂವರೆ ಅಡಿ. ಎರಡೂ ಕಡೆಯಿಂದ ಫುಲ್ ಎಚ್‌ಡಿಯ ಚುಕ್ಕೆಗಳೇ ಕಾಣದಿರುವಾಗ ಅವನ್ನು ಇನ್ನೂ ನಾಲ್ಕಾಗಿ ಸೀಳಿದರೆ ಸಿಗುವ ಲಾಭ ಬಹಳ ಕಡಿಮೆ. ನಿಮ್ಮ ಮಗಳು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಮೂರು ಅಡಿ ದೂರದಿಂದ ಅಕ್ಷರಗಳನ್ನು ಓದುವವಳಾಗಿದ್ದರೆ, ಅಥವಾ ನೀವು 55 ಇಂಚಿನ ಮಾತಾಡುತ್ತಿದ್ದರೆ, ನಾನು 4ಕೆ ಪರವಾಗಿಯೇ ಬರೆಯುತ್ತಿದ್ದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಪಕ್ಕಕ್ಕೆ ಸರಿದಾಗ ಬಣ್ಣ ಮಾಸಿತು ಎಂಬ ಸಾಲು. ಈ ಬೆಲೆಯ ಟಿವಿಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ಯಾನೆಲ್‌ಗಳು ಬರುತ್ತವೆ. ವಿಎ ಎಂಬ ಬಗೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಅದರ ಬಿಳಿ ಮತ್ತು ಕಪ್ಪಿನ ಅಂತರ 3000ಕ್ಕೆ ಒಂದು ಅಥವಾ ಇನ್ನೂ ಹೆಚ್ಚು, ಆದರೆ ನೇರವಾಗಿ ಎದುರು ಕೂರದವರಿಗೆ ಬಣ್ಣ ತಿಳಿಯಾಗುತ್ತ ಹೋಗುತ್ತದೆ. ಐಪಿಎಸ್ ಎಂಬ ಬಗೆಯಲ್ಲಿ ಆ ಅಂತರ ಸುಮಾರು 1000ಕ್ಕೆ ಒಂದು ಮಾತ್ರ, ಹೀಗಾಗಿ ಕಪ್ಪು ಬೂದಿಯಂತೆ ಕಾಣುತ್ತದೆ, ಆದರೆ ಪಕ್ಕದಿಂದ ನೋಡಿದರೂ ಮುಖದ ಬಣ್ಣ ಮುಖದ ಬಣ್ಣವಾಗಿಯೇ ಉಳಿಯುತ್ತದೆ. ನೀವು ಬರೆದ ಲಕ್ಷಣಗಳಿಂದ ಮೊದಲನೆಯದು ವಿಎ, ಎರಡನೆಯದು ಐಪಿಎಸ್ ಎಂದು ಊಹಿಸಬಹುದು. ಈಗ ನಿಮ್ಮ ಹಾಲ್‌ನ ನಕ್ಷೆ ಬರೆದು ನೋಡಿ. ಟಿವಿ 10 ಅಡಿಯ ಗೋಡೆಯ ನಡುವೆ ಇದೆ; ತಾಯಿಯವರು ನಡುಗೆರೆಯಿಂದ 4 ಅಡಿ ಪಕ್ಕಕ್ಕೆ, ಟಿವಿಯಿಂದ 5 ಅಡಿ ಮುಂದಕ್ಕೆ ಕೂರುತ್ತಾರೆ ಎಂದಿಟ್ಟುಕೊಂಡರೆ ಅವರು ಪರದೆಯನ್ನು ನೋಡುವ ಓರೆ ಸುಮಾರು 40 ಡಿಗ್ರಿ. ವಿಎ ಪ್ಯಾನೆಲ್ ಅಷ್ಟು ಓರೆಯಲ್ಲಿ ತನ್ನ ಗುಣದಲ್ಲಿ ಬಹುಪಾಲನ್ನು ಕಳೆದುಕೊಂಡಿರುತ್ತದೆ. ಅಂದರೆ ದಿನಕ್ಕೆ ಅತಿ ಹೆಚ್ಚು ಹೊತ್ತು ಟಿವಿ ನೋಡುವವರಿಗೇ ಅತಿ ಕೆಟ್ಟ ಚಿತ್ರ ಸಿಗುತ್ತದೆ, ಮತ್ತು ಅವರು ಅದನ್ನು ಬಾಯಿಬಿಟ್ಟು ಹೇಳದೆಯೂ ಇರಬಹುದು, ಏಕೆಂದರೆ ಮಕ್ಕಳು ಅಷ್ಟು ಹಣ ಕೊಟ್ಟು ತಂದ ವಸ್ತುವಿನಲ್ಲಿ ಕೊರತೆ ಹುಡುಕುವುದು ನಮ್ಮ ಹಿರಿಯರ ಸ್ವಭಾವವಲ್ಲ.

ಐಪಿಎಸ್‌ನ ಕೊರತೆಯನ್ನೂ ಮುಚ್ಚಿಡಬಾರದು. ರಾತ್ರಿ ಎಲ್ಲ ದೀಪ ಆರಿಸಿ ಯಕ್ಷಗಾನ ಹಾಕಿದರೆ ರಂಗಸ್ಥಳದ ಹಿಂದಿನ ಕತ್ತಲು ಕತ್ತಲಾಗಿ ಕಾಣದೆ ಮಂಜು ಕವಿದಂತೆ ಕಾಣುತ್ತದೆ, ಕಿರೀಟದ ಹೊಳಪು ಆ ಮಟ್ಟಿಗೆ ಕುಗ್ಗುತ್ತದೆ. ಆದರೆ ಕಿಟಕಿಯ ಬೆಳಕಿರುವ ಹಾಲ್‌ನಲ್ಲಿ, ಅಥವಾ ಒಂದು ಸಣ್ಣ ದೀಪ ಹಚ್ಚಿಟ್ಟುಕೊಂಡಾಗ, ಕೋಣೆಯ ಬೆಳಕೇ ಪರದೆಯ ಮೇಲೆ ಬಿದ್ದು ಯಾವ ಟಿವಿಯ ಕಪ್ಪನ್ನೂ ತೆಳುಗೊಳಿಸುವುದರಿಂದ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಮೊದಲನೆಯದನ್ನೇ ಕೊಳ್ಳಬೇಕೆಂದು ಮನೆಯಲ್ಲಿ ತೀರ್ಮಾನವಾದರೆ, ಗೋಡೆಗೆ ಅಂಟಿಕೊಳ್ಳುವ ಸಾಮಾನ್ಯ ಬ್ರ್ಯಾಕೆಟ್ ಬದಲು ಎಡಬಲಕ್ಕೆ ತಿರುಗುವ ತೋಳಿನ ಬ್ರ್ಯಾಕೆಟ್ ಹಾಕಿಸಿ, ಮಧ್ಯಾಹ್ನ ತಾಯಿಯವರು ಒಬ್ಬರೇ ಇರುವಾಗ ಪರದೆಯನ್ನು ದಿವಾನದ ಕಡೆಗೆ ತಿರುಗಿಸಿಡಿ. ಎರಡರಲ್ಲಿ ಯಾವುದಾದರೂ ಸರಿ, ಪರದೆಯ ನಡುಭಾಗ ಕುಳಿತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರಲಿ. ಮುಂಬಯಿಯ ಸಣ್ಣ ಹಾಲ್‌ಗಳಲ್ಲಿ ಕಪಾಟಿನ ಮೇಲೆ, ಬಾಗಿಲಿನ ಮಟ್ಟಕ್ಕೆ ಟಿವಿ ಏರಿಸುವ ಪದ್ಧತಿ ಬಂದಿದೆ. ಅದರಿಂದ ಕತ್ತಿಗೂ ನೋವು, ಚಿತ್ರಕ್ಕೂ ನಷ್ಟ.

ಎಚ್‌ಡಿಆರ್ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೆಳಕು ಮತ್ತು ಕತ್ತಲಿನ ಅಂತರವನ್ನು ಹಿಗ್ಗಿಸಿ ತೋರಿಸುವ ಆ ತಂತ್ರದಲ್ಲಿ ಚಿತ್ರವನ್ನು ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರಕಾಶಕ್ಕೆ ಹೊಂದಿಸಿ ತಯಾರಿಸಿರುತ್ತಾರೆ. ಈ ಬೆಲೆಯ ಟಿವಿಗಳ ಪ್ರಕಾಶ ಸಾಮಾನ್ಯವಾಗಿ 250ರಿಂದ 300 ನಿಟ್ಸ್. ಪೆಟ್ಟಿಗೆಯ ಮೇಲೆ ಎಚ್‌ಡಿಆರ್ ಎಂದು ಬರೆದಿದ್ದರೆ ಟಿವಿ ಆ ಸಂಕೇತವನ್ನು ಓದಬಲ್ಲದು ಎಂದಷ್ಟೇ ಅರ್ಥ.

ಮಾತು ಸ್ಪಷ್ಟವಾಗಿ ಕೇಳುವುದಿಲ್ಲ ಎಂಬ ದೂರಿಗೆ ನೀವು ಪತ್ರದಲ್ಲಿ ಒಂದೇ ಸಾಲು ಕೊಟ್ಟಿದ್ದೀರಿ. ನಾನು ಅದಕ್ಕೆ ಚಿತ್ರದಷ್ಟೇ ಬೆಲೆ ಕೊಡುತ್ತೇನೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಧ್ವನಿಗಳನ್ನು, ಮತ್ತು ನಮ್ಮ ಮಾತಿನ ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಆ ಭಾಗದಲ್ಲಿಯೇ. ಸ್ವರಗಳು ಮಾತ್ರ ಗಟ್ಟಿಯಾಗಿ ಕೇಳಿಸುತ್ತವೆ. ಆದ್ದರಿಂದಲೇ ವಾಲ್ಯೂಮ್ ಏರಿಸಿದರೆ ಮನೆಯವರಿಗೆಲ್ಲ ಗದ್ದಲವಾಗುತ್ತದೆ, ಹಿರಿಯರಿಗೆ ಮಾತ್ರ "ಶಬ್ದ ಕೇಳುತ್ತದೆ, ಏನು ಹೇಳಿದರೋ ತಿಳಿಯಲಿಲ್ಲ" ಎಂಬ ಸ್ಥಿತಿ ಉಳಿಯುತ್ತದೆ. ಇದರ ಮೇಲೆ, ಈಗಿನ ತೆಳು ಟಿವಿಗಳ ಸ್ಪೀಕರ್‌ಗಳು ಕೆಳಮುಖವಾಗಿ ಅಥವಾ ಹಿಮ್ಮುಖವಾಗಿ ಇರುವುದರಿಂದ ಧ್ವನಿ ಗೋಡೆಗೋ ಕಪಾಟಿಗೋ ಬಡಿದು ಬಳಿಕ ನಮ್ಮ ಕಡೆಗೆ ಬರುತ್ತದೆ. ಪೆಟ್ಟಿಗೆಯ ಮೇಲಿನ 20 ವಾಟ್, 30 ವಾಟ್ ಎಂಬ ಸಂಖ್ಯೆ ಗಟ್ಟಿತನವನ್ನು ಹೇಳುತ್ತದೆಯೇ ಹೊರತು ಸ್ಪಷ್ಟತೆಯನ್ನಲ್ಲ. ಟಿವಿ ಬಂದ ದಿನವೇ ಧ್ವನಿಯ ಸೆಟ್ಟಿಂಗ್‌ಗೆ ಹೋಗಿ ಸರೌಂಡ್ ಎಂಬುದನ್ನು ಆಫ್ ಮಾಡಿ, ವಾರ್ತೆ ಅಥವಾ ಮಾತಿಗೆಂದು ಇರುವ ಬಗೆಯನ್ನು ಹಾಕಿ, ಬೇಸ್ ತಗ್ಗಿಸಿ ಟ್ರೆಬಲ್ ಎರಡು ಮೂರು ಹಂತ ಏರಿಸಿ ನೋಡಿ. ಅದರಿಂದಲೂ ಸಾಲದಿದ್ದರೆ ಒಂದು ಸಾಧಾರಣ ಸೌಂಡ್‌ಬಾರನ್ನು ಪರದೆಯ ಕೆಳಗೆ, ಎದುರಿಗೆ ಮುಖ ಮಾಡಿ ಇಡುವುದು 4ಕೆ ಪರದೆಗಿಂತ ಹೆಚ್ಚಿನ ನೆಮ್ಮದಿ ಕೊಡುತ್ತದೆ. ಅದಕ್ಕಾಗಿ ಟಿವಿಯ ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದರ ಮೇಲೆ ಎಆರ್‌ಸಿ ಎಂದು ಬರೆದಿದೆಯೇ ಎಂದು ಈಗಲೇ ನೋಡಿಕೊಳ್ಳಿ; ಧ್ವನಿ ಸೌಂಡ್‌ಬಾರಿಗೆ ಹೋಗುವುದು ಆ ಕಿಂಡಿಯಿಂದ. ಜೊತೆಗೆ ಒಮ್ಮೆ ತಾಯಿಯವರ ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ಮೊದಲನೆಯ ಟಿವಿ ಖಂಡಿತವಾಗಿ ಮೇಲುಗೈ ಸಾಧಿಸುವುದು ರ‍್ಯಾಮ್‌ನಲ್ಲಿ. 1 ಜಿಬಿಯ ಟಿವಿ ಹೊಸದರಲ್ಲಿಯೇ ಆ್ಯಪ್‌ನಿಂದ ಆ್ಯಪ್‌ಗೆ ಹೋಗುವಾಗ ತಡೆಯುತ್ತದೆ, ಎರಡು ಮೂರು ವರ್ಷಗಳಲ್ಲಿ ಆ್ಯಪ್‌ಗಳು ಭಾರವಾದಂತೆ ಇನ್ನೂ ನಿಧಾನವಾಗುತ್ತದೆ. ಇದು ನಿಮ್ಮ ಮಗಳಿಗೆ ಬೇಸರ ತರುವ ಸಂಗತಿ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಕೊರತೆಗೆ ಮದ್ದಿದೆ: ಕೆಲವು ಸಾವಿರ ರೂಪಾಯಿಯ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಎಚ್‌ಡಿಎಂಐಗೆ ಚುಚ್ಚಿದರೆ ಟಿವಿಯ ಬುದ್ಧಿಯೆಲ್ಲ ಹೊಸದಾಗುತ್ತದೆ. ಓರೆಯಿಂದ ನೋಡಿದಾಗ ಮಾಸುವ ಪ್ಯಾನೆಲ್‌ಗೆ ಅಂಥ ಪೂರ್ತಿ ಮದ್ದು ಯಾವುದೂ ಇಲ್ಲ. ನಾನು ಎರಡನೆಯದನ್ನು ಆರಿಸಲು ಇದೇ ಮುಖ್ಯ ಕಾರಣ. ವೈ-ಫೈ ಬಗ್ಗೆಯೂ ಒಂದು ಮಾತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಹರಿಯದಂತಿರುವ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಒಂದೊಂದು ಮಹಡಿಯಲ್ಲಿ ನಾಲ್ಕಾರು ಮನೆಗಳಿರುವ ನಮ್ಮ ಕಟ್ಟಡಗಳಲ್ಲಿ ಸಂಜೆ ಎಲ್ಲರ ರೂಟರ್‌ಗಳೂ ಅದರಲ್ಲೇ ನುಗ್ಗುವುದರಿಂದ ಚಿತ್ರ ಸುತ್ತುತ್ತ ನಿಲ್ಲುತ್ತದೆ. ನೀವು ಕೊಳ್ಳುವ ಟಿವಿ 5 ಗಿಗಾಹರ್ಟ್ಸ್ ಹಿಡಿಯದಿದ್ದರೆ ರೂಟರಿನಿಂದ ಲ್ಯಾನ್ ವೈರ್ ಎಳೆಯಿರಿ. ಹತ್ತು ಅಡಿಯ ವೈರ್ ಈ ತೊಂದರೆಯನ್ನು ಪೂರ್ತಿ ಮುಗಿಸುತ್ತದೆ.

ನಿಮ್ಮ ಸೆಟ್ ಟಾಪ್ ಬಾಕ್ಸ್ ಯಾವುದು ಎಂದು ನೀವು ಬರೆದಿಲ್ಲ. 2014ರ ಟಿವಿಯ ಜೊತೆಗೇ ಬಂದ ಎಸ್‌ಡಿ ಬಾಕ್ಸ್ ಇನ್ನೂ ಕೆಂಪು, ಬಿಳಿ, ಹಳದಿ ವೈರುಗಳ ಮೂಲಕ ನಡೆಯುತ್ತಿದ್ದರೆ, ಟಿವಿ ಬದಲಿಸುವ ದಿನವೇ ಅದನ್ನೂ ಎಚ್‌ಡಿ ಬಾಕ್ಸ್‌ಗೆ ಬದಲಿಸಿ ಎಚ್‌ಡಿಎಂಐ ವೈರ್ ಹಾಕಿಸಿ. ಎಸ್‌ಡಿಯಿಂದ ಎಚ್‌ಡಿಗೆ ಹೋದಾಗ ಮುಖಗಳಲ್ಲಿ, ಅಕ್ಷರಗಳಲ್ಲಿ ಆಗುವ ಸುಧಾರಣೆ ತಾಯಿಯವರ ಕಣ್ಣಿಗೂ ತಕ್ಷಣ ಕಾಣುತ್ತದೆ. ಇಲ್ಲಿನ ಕೇಬಲ್‌ನವರ ಸಿದ್ಧ ಪ್ಯಾಕ್‌ಗಳಲ್ಲಿ ಮರಾಠಿ, ಹಿಂದಿ ತುಂಬಿ ಕನ್ನಡಕ್ಕೆ ಜಾಗವಿಲ್ಲದಿದ್ದರೆ ಸುಮ್ಮನಾಗಬೇಡಿ. 2019ರಲ್ಲಿ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಅವಕಾಶವಿದೆ; ಅವರ ಜಾಲದಲ್ಲಿ ನಿಮಗೆ ಬೇಕಾದ ಕನ್ನಡ ಎಚ್‌ಡಿ ವಾಹಿನಿ ಇಲ್ಲವೇ ಇಲ್ಲವಾದರೆ ಡಿಟಿಎಚ್‌ಗೆ ಹೋಗುವುದು ಸರಿ. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಆರಂಭವಾದ ಮೇಲೆ ಬಹಳ ವರ್ಷಗಳ ಕಾಲ ಇಲ್ಲಿನ ಪರದೆಯ ಮೇಲೆ ಕನ್ನಡ ಕಾಣುವುದೇ ಅಪರೂಪವಾಗಿತ್ತು. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಿತ್ರಗಳ ಸರದಿಯಲ್ಲಿ ಎಂದೋ ಒಮ್ಮೆ ಕನ್ನಡ ಚಿತ್ರ ಬಂದರೆ ಮಾಟುಂಗಾದ ನಮ್ಮ ಕಟ್ಟಡದಲ್ಲಿ ಟಿವಿ ಇದ್ದ ಮನೆಗೆ ಎಲ್ಲ ಕನ್ನಡದವರೂ ಊಟ ಮುಗಿಸಿ ಬಂದು ಕೂರುತ್ತಿದ್ದರು. ಈಗ ಬೇಕೆಂದಾಗ ಸಿಗುವ ಭಾಷೆ ಸ್ಪಷ್ಟವಾಗಿ ಸಿಗಲಿ ಎಂಬ ಆಸೆಯಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸ್ಟೆಬಿಲೈಸರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಟಿವಿಯ ಹಿಂಬದಿಯ ಚೀಟಿಯಲ್ಲಿ 100ರಿಂದ 240 ವೋಲ್ಟ್ ಎಂದಿದ್ದರೆ ಅದರ ಒಳಗಿನ ಪವರ್ ಸಪ್ಲೈಯೇ ಏರಿಳಿತವನ್ನು ತಾಳಿಕೊಳ್ಳುತ್ತದೆ. ಬೋರ್ಡನ್ನು ಕೊಲ್ಲುವುದು ಕರೆಂಟ್ ಹೋಗಿ ಬರುವ ಕ್ಷಣದ ಹೊಡೆತ. ಅದಕ್ಕೆ ಒಳ್ಳೆಯ ಸ್ಪೈಕ್ ಗಾರ್ಡ್ ಸಾಕು, ಆದರೆ ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದರಿಂದ ಪೂರ್ತಿ ಪ್ರಯೋಜನ ಸಿಗುವುದಿಲ್ಲವಾದ್ದರಿಂದ ಎಲೆಕ್ಟ್ರಿಷಿಯನ್‌ನಿಂದ ಅದನ್ನು ಮೊದಲು ನೋಡಿಸಿ. ವಿದ್ಯುತ್ ಬಿಲ್ಲಿನ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ: ಎರಡು ಟಿವಿಗಳ ನಡುವೆ 20 ವಾಟ್ ವ್ಯತ್ಯಾಸವಿದ್ದು ದಿನಕ್ಕೆ 6 ಗಂಟೆ ನೋಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ.

ಹೆಚ್ಚುವರಿ ವಾರಂಟಿಯನ್ನು ಕೊಡುವವರು ಯಾರು ಎಂದು ಮೊದಲು ಕೇಳಿ. ಟಿವಿಯ ಕಂಪನಿಯೇ ಕೊಡುವುದಾಗಿದ್ದು, ಬೆಲೆ ಟಿವಿಯ ಹತ್ತನೇ ಒಂದು ಭಾಗವನ್ನು ಮೀರದಿದ್ದರೆ ತೆಗೆದುಕೊಳ್ಳಬಹುದು. ಪ್ಯಾನೆಲ್ ಹೋದರೆ ಅದರ ಬೆಲೆ ಸಾಮಾನ್ಯವಾಗಿ ಹೊಸ ಟಿವಿಯ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಅಂಗಡಿಯವರದೋ ಮೂರನೆಯ ಸಂಸ್ಥೆಯದೋ ಆಗಿದ್ದರೆ ಬೇಡ. ಎರಡನೆಯ ಟಿವಿಯಲ್ಲಿ ಪ್ಯಾನೆಲ್‌ಗೆ ಇನ್ನೊಂದು ವರ್ಷ ಎಂದಿದ್ದಾರಲ್ಲ, ಅದರಲ್ಲಿ ಬ್ಯಾಕ್‌ಲೈಟ್ ಪಟ್ಟಿ ಸೇರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ಏಕೆಂದರೆ ಮೊದಲು ಕೈಕೊಡುವುದು ಪಟ್ಟಿ. ಇನ್ನೊಂದು ಸಣ್ಣ ಕೆಲಸ: ಎರಡೂ ಕಂಪನಿಗಳ ಸೇವಾ ಸಂಖ್ಯೆಗೆ ಕರೆ ಮಾಡಿ, ನಿಮ್ಮ ಪಿನ್ ಕೋಡ್ ಹೇಳಿ, ಮನೆಗೆ ಬರುವ ಮೆಕ್ಯಾನಿಕ್ ಎಲ್ಲಿಂದ ಬರುತ್ತಾನೆ ಎಂದು ವಿಚಾರಿಸಿ. ಉತ್ತರ ಬರುವ ರೀತಿಯಿಂದಲೇ ಮುಂದಿನದು ಬಹಳಷ್ಟು ತಿಳಿಯುತ್ತದೆ.

ಕೊಳ್ಳಲು ಹೋಗುವಾಗ ಸಾಧ್ಯವಾದರೆ ತಾಯಿಯವರನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಹಾಕುವ ಹೂವು, ಹಣ್ಣು, ಜಲಪಾತಗಳ ಡೆಮೊ ಚಿತ್ರವನ್ನು ನಿಲ್ಲಿಸಿ, ಯೂಟ್ಯೂಬಿನಲ್ಲಿ ಅವರು ದಿನವೂ ನೋಡುವ ಯಕ್ಷಗಾನವನ್ನೇ 480ರ ಗುಣಮಟ್ಟದಲ್ಲಿ ಹಾಕಿಸಿ, ಪರದೆಯಿಂದ ಐದು ಅಡಿ ಹಿಂದೆ, ನಾಲ್ಕು ಅಡಿ ಪಕ್ಕಕ್ಕೆ ಅವರಿಗೊಂದು ಕುರ್ಚಿ ಕೇಳಿ. ಚಿತ್ರದ ಬಗೆ ವಿವಿಡ್ ಎಂದಿದ್ದರೆ ಸ್ಟ್ಯಾಂಡರ್ಡ್‌ಗೆ ತರಿಸಿ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ಕಂತಿನ ಮಾಲಿಗೆ ಬೇರೆ ಬೇರೆ ಪ್ಯಾನೆಲ್ ಬರುವುದುಂಟು, ಹೀಗಾಗಿ ಮನೆಗೆ ಬಂದ ಟಿವಿಯನ್ನು ಗೋಡೆಗೆ ಬಿಗಿಸುವ ಮೊದಲು ಮೇಜಿನ ಮೇಲಿಟ್ಟು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಬಿಲ್ಲಿನಲ್ಲಿ ಜಿಎಸ್‌ಟಿ ಶೇಕಡಾ 18 ಎಂದಿರಬೇಕು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆಯೂ 28ರಿಂದ 18ಕ್ಕೆ ಇಳಿದಿದೆ. ವಾರಂಟಿಯ ಮಾತಿನಂತೆ ನಡೆದುಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಓದುಗರ ಪ್ರಶ್ನೆ

ಗೋವೆಯ ವಾಸ್ಕೋದಲ್ಲಿ ಬಂದರಿನ ಹತ್ತಿರ ನಮ್ಮ ಮನೆ. ನಾಲ್ಕೇ ವರ್ಷಗಳಲ್ಲಿ ಟಿವಿಯ ಬೋರ್ಡ್ ಉಪ್ಪುಗಾಳಿಗೆ ಹೋಯಿತು ಎಂದು ಮೆಕ್ಯಾನಿಕ್ ಹೇಳಿದರು. ಈಗ 32 ಇಂಚಿನ ಎರಡರಲ್ಲಿ ಒಂದನ್ನು ಆರಿಸಬೇಕು: ಒಂದು ಎಚ್‌ಡಿ ರೆಡಿ, ಇನ್ನೊಂದು ಮೂರು ಸಾವಿರ ಹೆಚ್ಚು ಬೆಲೆಯ ಫುಲ್ ಎಚ್‌ಡಿ. ಗಾಳಿಗೆ ಯಾವುದು ತಾಳುತ್ತದೆ? ನಾವು ಕೂರುವುದು 7 ಅಡಿ ದೂರದಲ್ಲಿ.

ಉತ್ತರ

ಗಾಳಿಗೆ ತಾಳುವ ಮಾತಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಆದ್ದರಿಂದ ಆ ಮೂರು ಸಾವಿರವನ್ನು ಉಳಿಸಿಕೊಳ್ಳಿ. 32 ಇಂಚಿನ ಎಚ್‌ಡಿ ರೆಡಿ ಪರದೆಯಲ್ಲಿ 1366 ಮತ್ತು 768 ಚುಕ್ಕೆಗಳು. ಮೇಲಿನ ಲೆಕ್ಕದಂತೆಯೇ ನೋಡಿದರೆ ಸುಮಾರು 6 ಅಡಿಯಿಂದಾಚೆಗೆ ಅವು ಬಿಡಿಯಾಗಿ ಕಾಣುವುದಿಲ್ಲ, ನೀವು 7 ಅಡಿಯಲ್ಲಿ ಕೂರುತ್ತೀರಿ. ಉಳಿದ ಹಣದಲ್ಲಿ ಒಳ್ಳೆಯ ಸ್ಪೈಕ್ ಗಾರ್ಡ್ ಬರುತ್ತದೆ, ಸ್ವಲ್ಪ ಮಿಗುತ್ತದೆ ಕೂಡ.

ಉಪ್ಪು ತಾನೊಂದೇ ಬೋರ್ಡನ್ನು ತಿನ್ನುವುದಿಲ್ಲ. ಗಾಳಿಯ ತೇವವನ್ನು ಹೀರಿ ಒದ್ದೆಯಾದಾಗ ಮಾತ್ರ ತಿನ್ನಲು ತೊಡಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ಒರತೆ ಬರುವ ಹೊರಗೋಡೆಗೆ ಟಿವಿ ಹಾಕಬೇಡಿ, ಕಡಲಿಗೆ ತೆರೆದ ಕಿಟಕಿಯ ನೇರಕ್ಕೂ ಬೇಡ. ಒಳಗೋಡೆಗೆ ಹಾಕಿದರೂ ಹಿಂದೆ ಎರಡು ಇಂಚಾದರೂ ಗಾಳಿಯಾಡಲು ಜಾಗವಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಹೋಗಿ ವಾರಗಟ್ಟಲೆ ಮನೆ ಮುಚ್ಚಿಡುವುದಾದರೆ, ಕೀಲಿ ಕೊಟ್ಟ ನೆರೆಯವರಿಗೆ ದಿನಕ್ಕೆ ಅರ್ಧ ಗಂಟೆ ಟಿವಿ ಹಾಕಲು ಹೇಳಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಹಾಕಿದರೆ ತೇವ ಒಳಗೇ ಸಿಕ್ಕಿಕೊಳ್ಳುವುದರಿಂದ ಬಟ್ಟೆಯ ಹೊದಿಕೆಯೇ ಮೇಲು. ಗುಡುಗು ಮಿಂಚಿನ ದಿನ ಪ್ಲಗ್ಗನ್ನು ಮಾತ್ರ ಕಿತ್ತರೆ ಸಾಲದು. ಡಿಶ್‌ನಿಂದ ಬಾಕ್ಸ್‌ಗೆ ಬರುವ ವೈರನ್ನೂ ಬಿಚ್ಚಿಡಿ, ಸಿಡಿಲಿನ ಹೊಡೆತ ಆ ದಾರಿಯಿಂದಲೂ ಎಚ್‌ಡಿಎಂಐ ಮೂಲಕ ಟಿವಿಯ ಒಳಗೆ ಬರುತ್ತದೆ.

ಕೊಳ್ಳುವಾಗ ಹಿಂಬದಿಯ ಚೀಟಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಕಡಿಮೆ ಬೆಲೆಗೆ ಜೋಡಿಸಿ ಮಾರುವ, ಹೆಸರಿಲ್ಲದ ಟಿವಿಗಳಲ್ಲಿ ಅದು ಇರುವುದಿಲ್ಲ. ನಿಮ್ಮ ಹಳೆಯ ಟಿವಿಯಲ್ಲಿ ಪ್ಯಾನೆಲ್ ಚೆನ್ನಾಗಿದ್ದು ಬೋರ್ಡ್ ಮಾತ್ರ ಹೋಗಿದ್ದರೆ, ಬೋರ್ಡ್ ಬದಲಿಸುವ ಖರ್ಚು ಎಷ್ಟಾಗುತ್ತದೆ ಎಂದು ಇನ್ನೊಬ್ಬ ಮೆಕ್ಯಾನಿಕ್ ಬಳಿ ಕೇಳಿ, ಹೊಸದರ ಬೆಲೆಯ ಮೂರನೇ ಒಂದು ಭಾಗದೊಳಗೆ ಮುಗಿಯುವುದಾದರೆ ಈ ಮಳೆಗಾಲವನ್ನು ಅದರಲ್ಲೇ ಕಳೆಯಿರಿ.